ಯಾರನ್ನೂ ನಂಬದ ಎ.ಸಿ. ಮಾವ

ಎ.ಸಿ. ಮಾವನ ಬಲಗಿವಿಯ ಮೇಲೆ ಸದಾ ಗ್ರೀಸಿನ ಕಪ್ಪು ಬೊಟ್ಟೊಂದು ಇರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುವುದು ಅವರ ಅಭ್ಯಾಸ. ಎಷ್ಟು ಸೋಪು ಹಾಕಿ ತಿಕ್ಕಿದರೂ ಆ ಬೊಟ್ಟು ಹೋಗುವುದಿಲ್ಲವೆಂದು ಅವರ ಹೆಂಡತಿ ಗೊಣಗುತ್ತಿದ್ದರು. ಮದುವೆಮನೆಗೂ ಅವರು ಹಾಗೆಯೇ ಬರುತ್ತಿದ್ದರು.

ಅವರು ನನಗೆ ಸಂಬಂಧಿಕರೇನಲ್ಲ, ಎಲ್ಲರೂ ಕರೆಯುವಂತೆ ನಾನೂ ಮಾವ ಎನ್ನುತ್ತಿದ್ದೆ. ನಾನು ಮಡಿಕೇರಿಯಲ್ಲಿ ಸ್ವಂತ ಟ್ಯಾಕ್ಸಿ ಓಡಿಸುವವಳು. ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಿಬರುವ ರೋಗಿಗಳೇ ನನ್ನ ಗಿರಾಕಿಗಳು. ಘಾಟಿ ಇಳಿದು ಸಂಪಾಜೆ ಮುಟ್ಟಿದ ಮೇಲೆ ರಸ್ತೆಬದಿಯಲ್ಲಿ ಕಾರಿನ ಎ.ಸಿ. ರಿಪೇರಿ ಮಾಡುವ ಅವರ ಶೆಡ್. ಮಡಿಕೇರಿಯವರಿಗೆ ಎ.ಸಿ. ಬೇಕಾಗುವುದು ಮಳೆಗಾಲದಲ್ಲಿ ಗಾಜಿಗೆ ಕಟ್ಟುವ ಮಂಜು ಕರಗಿಸಲು. ಸಂಪಾಜೆಯಿಂದ ಕೆಳಗಿನವರಿಗೆ ಬೆವರು ಆರಿಸಲು. ಎರಡೂ ಕಡೆಯವರು ಅವರ ಬಳಿಗೇ ಬರುತ್ತಿದ್ದರು, ಬಂದವರನ್ನೆಲ್ಲ ಅವರು ಸಂಶಯದಿಂದಲೇ ನೋಡುತ್ತಿದ್ದರು.

ಹೊಸ ಬಿಡಿಭಾಗ ಹೊಸದೆಂದು ಅವರು ನಂಬುತ್ತಿರಲಿಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು ಸೀಲು ಒಡೆದಿದೆಯೇ ಎಂದು ನೋಡುತ್ತಿದ್ದರು. ಎದುರಿನ ಹೋಟೆಲಿನವನು ಹಾಲಿಗೆ ನೀರು ಬೆರೆಸುತ್ತಾನೆಂದು ಅವನ ಮುಖದೆದುರೇ ಹೇಳಿ, ಅದೇ ಚಹಾ ದಿನವೂ ಕುಡಿಯುತ್ತಿದ್ದರು. ಬೇರೆಯವರು ಓಡಿಸುವ ಕಾರಿನಲ್ಲಿ ಕುಳಿತರೆ ದಾರಿಯುದ್ದಕ್ಕೂ ಅವರ ಮೈ ಬಿಗಿದೇ ಇರುತ್ತಿತ್ತು. ನಾನು ಮೊದಲ ಸಲ ಹೋದಾಗ, ಸುಳ್ಯದ ಯಾವುದೋ ಗ್ಯಾರೇಜಿನವರು ತಮ್ಮ ಕೆಲಸ ಕದ್ದು ನೋಡಲು ನನ್ನನ್ನು ಕಳಿಸಿದ್ದಾರೆಂದು ಎಣಿಸಿ ಬಾನೆಟ್ ತೆರೆಯಲೇ ಒಪ್ಪಿರಲಿಲ್ಲ. ಒಮ್ಮೆ ಸ್ಪ್ಯಾನರ್ ಕಾಣೆಯಾದಾಗ ಪಕ್ಕದ ಪಂಕ್ಚರ್ ಅಂಗಡಿಯವನ ಮೇಲೆ ಹೊರಿಸಿದರು. ಅದು ಅವರದೇ ಜೀಪಿನ ಸೀಟಿನಡಿ ಸಿಕ್ಕಿತು. ತಪ್ಪಾಯಿತು ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಆತ ಕೊನೆಯವರೆಗೂ ಅವರೊಡನೆ ಮಾತಾಡಲಿಲ್ಲ.

ಆ ವರ್ಷ ಮಳೆ ಹಿಡಿಯುವ ಮೊದಲು ನನ್ನ ಕಾರಿನ ಎ.ಸಿ. ತಣ್ಣಗಾಗುವುದು ನಿಂತಿತ್ತು. ಕುಶಾಲನಗರದ ಕಡೆ ಬಾಡಿಗೆಗೆ ಹೋದವಳು ಅಲ್ಲೇ ಮೈಸೂರು ರಸ್ತೆಯ ಅಂಗಡಿಯೊಂದರಲ್ಲಿ ಗ್ಯಾಸ್ ತುಂಬಿಸಿಕೊಂಡು ಬಂದೆ. ತಂಪು ಬಂತು. ಸ್ವಲ್ಪ ದಿನಕ್ಕೆ ಸದ್ದೂ ಬಂತು. ಎ.ಸಿ. ಹಾಕಿದ ಕೂಡಲೇ ಬಾನೆಟ್ಟಿನೊಳಗೆ ಯಾರೋ ಬೀಸುಕಲ್ಲು ತಿರುಗಿಸಿದ ಹಾಗೆ ಗರಗರ, ಆರಿಸಿದರೆ ಮೌನ. ಮಂಗಳೂರಿನಿಂದ ಖಾಲಿ ಕಾರಿನಲ್ಲಿ ವಾಪಸಾಗುತ್ತಿದ್ದವಳು ಮಾವನ ಶೆಡ್ಡಿನೆದುರು ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ನಿವೃತ್ತ ಟೀಚರೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಅವರಿಗೆ ಶ್ವಾಸಕೋಶದ ಕಾಯಿಲೆ. ಮೂಗಿಗೆ ಆಕ್ಸಿಜನ್ ನಳಿಗೆ, ಪಕ್ಕದಲ್ಲಿ ಸಣ್ಣ ಸಿಲಿಂಡರ್. ರಸ್ತೆಯ ಹೊಗೆ ಆಗದೆಂದು ಕಿಟಕಿಗಳನ್ನೆಲ್ಲ ಮುಚ್ಚಿಯೇ ಹೋಗಬೇಕು.

ಮಾವ ಎ.ಸಿ. ಹಾಕಿಸಿದರು, ಆರಿಸಿದರು, ಮತ್ತೆ ಹಾಕಿಸಿದರು. ಬೆಲ್ಟ್ ಕಳಚಿ ಪುಲ್ಲಿಯನ್ನು ಕೈಯಲ್ಲೇ ತಿರುಗಿಸಿದರು. ಅದು ಸಲೀಸಾಗಿ ತಿರುಗಿತು. ಅದನ್ನು ಹಿಡಿದ ಬೋಲ್ಟುಗಳನ್ನು ಅಲುಗಿಸಿದರು, ಸಡಿಲವಿರಲಿಲ್ಲ. ಮತ್ತೆ ಬೆಲ್ಟ್ ಹಾಕಿ, ಸ್ಕ್ರೂಡ್ರೈವರನ್ನು ಗ್ಯಾಸ್ ಒತ್ತುವ ಕಂಪ್ರೆಸರಿಗೇ ಊರಿ ಬಹಳ ಹೊತ್ತು ಕೇಳಿದರು. ಒಳಗೆ ಎಣ್ಣೆ ಇಲ್ಲ, ಲೋಹಕ್ಕೆ ಲೋಹ ಉಜ್ಜುತ್ತಿದೆ ಎಂದರು. ಸೋರಿದ ಗ್ಯಾಸಿನೊಡನೆ ಎಣ್ಣೆಯೂ ಹೋಗಿದೆ, ತುಂಬಿದವನು ಬರೀ ಗ್ಯಾಸ್ ತುಂಬಿದ್ದಾನೆ. ಆಮೇಲೆ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿದರು. ಮುಳ್ಳು ನಿಂತ ಜಾಗ ಅವರಿಗೆ ಹಿಡಿಸಲಿಲ್ಲ. ಪೈಪಿನ ವಾಲ್ವನ್ನು ಉಗುರಿನಿಂದ ಕ್ಷಣಮಾತ್ರ ಒತ್ತಿ ಮೂಸಿದರು. ಇಂಜಿನ್ ಆರಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡರು.

"ಕಾರ್ ಇಲ್ಲೇ ಇರ್ಲಿ. ಕೀ ಕೊಡುದಿಲ್ಲ ನಾನ್."

ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ಅನುಮಾನ. ಸುಮ್ಮನೆ ಹೆದರಿಸಿ ದೊಡ್ಡ ಕೆಲಸ ಹಿಡಿಯುವ ಗ್ಯಾರೇಜುಗಳನ್ನು ನಾನು ಕಂಡವಳು. ನಾಳೆ ಟೀಚರಿಗೆ ಡಾಕ್ಟರ ಸಮಯ ನಿಗದಿಯಾಗಿದೆ, ಸದ್ದಾದರೆ ಆಗಲಿ, ಕೀ ಕೊಡಿ ಎಂದೆ. ಕೊಡದಿದ್ದರೆ ಪೊಲೀಸರಿಗೆ ಹೇಳುವೆನೆಂದೂ ಅಂದೆ. ಅವರು ಬೇಸರಪಡಲಿಲ್ಲ. ನಾನು ಸಂಶಯಪಟ್ಟದ್ದು ಅವರಿಗೆ ಹಿಡಿಸಿದಂತೆಯೇ ಕಂಡಿತು.

"ನನ್ನನ್ನೂ ನಂಬುದು ಬೇಡ ಕೂಸೇ," ಎಂದರು. "ಕಣ್ಣಲ್ಲೇ ನೋಡು."

ಶೆಡ್ಡಿನ ಹಿಂದಿನ ತಮ್ಮ ಮನೆಯ ಒಲೆ ಆರಿಸುವಂತೆ ಹೆಂಡತಿಗೆ ಕೂಗಿ ಹೇಳಿದರು. ಒಂದು ಬಾಟಲಿಗೆ ಸೋಪಿನ ನೀರು ಹಾಕಿ, ಕಾರಿನಿಂದ ಸ್ವಲ್ಪವೇ ಗ್ಯಾಸನ್ನು ಅದರೊಳಗೆ ಬಿಟ್ಟರು. ಬಾಟಲಿಯನ್ನು ಕಾರಿನಿಂದ ದೂರ, ಅಂಗಳದಾಚೆಯ ಬಯಲಿಗೆ ಒಯ್ದು ನೊರೆಯನ್ನು ಕಲ್ಲಿನ ಮೇಲೆ ಸುರಿದರು. ಉದ್ದನೆಯ ಕೋಲಿನ ತುದಿಗೆ ಬೆಂಕಿ ಹಚ್ಚಿ ಚಾಚಿದರು. ನೊರೆ ಭುಗ್ಗೆಂದು ಉರಿಯಿತು.

"ಎ.ಸಿ. ಗ್ಯಾಸ್ ಹೀಂಗೆ ಉರಿಯುದಿಲ್ಲ. ಇದರ್ಲಿ ಅಡುಗೆ ಗ್ಯಾಸ್ ಉಂಟು."

ಅದು ಕಾರಿನೊಳಗೆ ಸೋರಿದ್ದರೆ? ಮುಚ್ಚಿದ ಕಿಟಕಿಗಳ ಹಿಂದೆ ಆಕ್ಸಿಜನ್ ಹಿಡಿದು ಕುಳಿತ ಟೀಚರ್ ಕಣ್ಣಮುಂದೆ ಬಂದರು. ಅಲ್ಲೇ ಟೈರಿನ ಮೇಲೆ ಕುಳಿತೆ. ಎಲ್ಲಿ ತುಂಬಿಸಿದೆ ಎಂದು ಅವರು ಕೇಳಿದರು. ಅಂಗಡಿಯ ಗುರುತು ಹೇಳಿದೆ. ಅವರು ಇನ್ನೊಮ್ಮೆ ಕೇಳಿದರು, ನಾನು ಇನ್ನೊಮ್ಮೆ ಅದನ್ನೇ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದು ಅವರ ಅಳಿಯನ ಅಂಗಡಿ. ಕೆಲಸ ಕಲಿಸಿ, ಮಗಳನ್ನು ಕೊಟ್ಟು, ಅಂಗಡಿ ಹಾಕಿಸಿದ್ದು ಇವರೇ. ಊರನ್ನೆಲ್ಲ ಸಂಶಯಿಸಿದ ಮನುಷ್ಯ ನಂಬಿದ್ದು ಅವನೊಬ್ಬನನ್ನು.

ಟೀಚರಿಗಾಗಿ ಮಾವನೇ ಬೇರೊಂದು ಕಾರು ಗೊತ್ತುಮಾಡಿದರು. ಅದರ ಡ್ರೈವರನ್ನೂ ಪ್ರಶ್ನೆ ಕೇಳಿ ಸುಸ್ತುಮಾಡಿ, ಎ.ಸಿ. ಗಾಳಿಯನ್ನು ಮೂಸಿದ ಮೇಲೆಯೇ ಬಿಟ್ಟರು. ನನ್ನ ಕಾರಿನ ಗ್ಯಾಸನ್ನು ಬಯಲಲ್ಲಿ ಜಾಗ್ರತೆಯಿಂದ ಖಾಲಿ ಮಾಡಿದರು. ಕಂಪ್ರೆಸರ್ ಬಿಚ್ಚಿ ಬಗ್ಗಿಸಿದಾಗ ಕಪ್ಪು ಎಣ್ಣೆ ಒಂದಿಷ್ಟೇ ಇಳಿಯಿತು, ಅದರಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಅದು ಉಳಿಯುವಂತಿರಲಿಲ್ಲ. ಪೈಪುಗಳನ್ನೆಲ್ಲ ತೊಳೆದು, ಸೋರುವ ಜಾಗ ಸರಿಮಾಡಿ, ಬೇರೆ ಕಂಪ್ರೆಸರ್ ಕೂರಿಸಿ, ಎಣ್ಣೆ ಅಳೆದು ಹಾಕಿ, ಸರಿಯಾದ ಗ್ಯಾಸ್ ತುಂಬಿದರು. ಕೆಲಸ ಮುಗಿದ ಮೇಲೆ, ಕುಶಾಲನಗರಕ್ಕೆ ಬಿಡುತ್ತೀಯಾ ಎಂದು ಕೇಳಿದರು.

ಅಳಿಯ ಗಿರಾಕಿಗಳ ನಡುವೆ ಇದ್ದ. ಮಾವನನ್ನು ಕಂಡು ಕುರ್ಚಿ ತರಲು ಹೋದ. ಅವರು ಕೂರಲಿಲ್ಲ. ಮೂಲೆಯಲ್ಲಿದ್ದ ಎ.ಸಿ. ಗ್ಯಾಸಿನ ಸಿಲಿಂಡರಿನ ಬಳಿ ಹೋಗಿ ವಾಲ್ವನ್ನು ತುಸು ತಿರುಗಿಸಿ, ಮೂಸಿ, ಮುಚ್ಚಿದರು. ಅಳಿಯ ಬಡಬಡಿಸಿದ. ಕಡಿಮೆ ದರಕ್ಕೆ ಕೊಡುವ ವ್ಯಾಪಾರಿಯೊಬ್ಬ ಸಿಕ್ಕಿದ್ದ, ಅವನು ಮೋಸ ಮಾಡಿದ್ದಾನೆ, ತನಗೆ ಗೊತ್ತಿರಲಿಲ್ಲ ಎಂದ.

"ನಿಂಗೆ ವಾಸನೆ ಬಾತಿಲ್ಲೆನಾ?" ಎಂದರು ಮಾವ.

ಅವನು ತಲೆ ತಗ್ಗಿಸಿದ. ಅವನಿಗೆ ನಿಜವಾಗಿ ಎಷ್ಟು ಗೊತ್ತಿತ್ತೋ, ನನಗೆ ಇಂದಿಗೂ ತಿಳಿಯದು.

ಮಾವ ಆ ದಿನ ವಾಪಸು ಬರಲಿಲ್ಲ. ತುಂಬಿಸಿಕೊಂಡು ಹೋದವರಿಗೆಲ್ಲ ಅಳಿಯನಿಂದಲೇ ಫೋನ್ ಮಾಡಿಸಿ, ಏನಾಗಿದೆ ಎಂಬುದನ್ನು ಅವನ ಬಾಯಿಂದಲೇ ಹೇಳಿಸಿದರು. ಮಳೆ ಜೋರಾಗುವವರೆಗೆ ಅಲ್ಲೇ ಉಳಿದು, ಬಂದ ಕಾರುಗಳನ್ನು ಖಾಲಿ ಮಾಡಿ, ತೊಳೆದು, ಮತ್ತೆ ತುಂಬಿದರು. ಸುದ್ದಿ ಹರಡಿತು, ಅಂಗಡಿ ಮುಚ್ಚಿತು, ಅಳಿಯ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ. ಗಂಡನ ಮಾನವನ್ನು ಅಪ್ಪನೇ ಬೀದಿಗೆ ತಂದರೆಂದು ಮಗಳು ತವರಿಗೆ ಬರುವುದನ್ನೇ ಬಿಟ್ಟಳು. ಹಬ್ಬಗಳು ಬಂದುಹೋದವು. ಒಮ್ಮೆ ನಾನು, ಅವಳನ್ನು ನೀವೇ ಹೋಗಿ ಕರೆಯಬಾರದೇ ಎಂದು ಕೇಳಿದ್ದೆ. ಕರೆದೆ, ಬರಲಿಲ್ಲ ಎಂದಷ್ಟೇ ಹೇಳಿ ಕಾರಿನಡಿ ತೂರಿಕೊಂಡರು.

ಕಳೆದ ಬೇಸಿಗೆಯಲ್ಲಿ ಅವರಿಗೆ ಎದೆನೋವು ಕಾಣಿಸಿಕೊಂಡಿತು. ಆಂಬುಲೆನ್ಸ್ ಬೇಡ, ಆ ಟ್ಯಾಕ್ಸಿ ಹುಡುಗಿಯ ಕಾರು ಬರಲಿ ಎಂದರಂತೆ. ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಹಿಂದಿನ ಸೀಟಿನಲ್ಲಿ ಮಲಗಿದರು. ಸುಳ್ಯ ದಾಟುವಾಗ ಕನ್ನಡಿಯಲ್ಲಿ ನೋಡಿದೆ. ಕಣ್ಣು ಮುಚ್ಚಿತ್ತು, ಎದೆ ನಿಧಾನವಾಗಿ ಏರಿಳಿಯುತ್ತಿತ್ತು. ನಿದ್ದೆ ಬಂದಿದೆ ಎಂದು ಅವರ ಹೆಂಡತಿ ಪಿಸುಗುಟ್ಟಿದರು. ಇಷ್ಟು ವರ್ಷಗಳಲ್ಲಿ ಬೇರೆಯವರು ಓಡಿಸುವ ಕಾರಿನಲ್ಲಿ ಅವರು ನಿದ್ದೆ ಮಾಡಿದ್ದನ್ನು ಕಂಡಿಲ್ಲವೆಂದರು.

ಆಸ್ಪತ್ರೆಯ ಬಾಗಿಲಲ್ಲಿ, ತಾಯಿಯ ಫೋನ್ ಸಿಕ್ಕಿ, ಮಗಳು, ಅಳಿಯ ನಮಗಿಂತ ಮೊದಲೇ ಬಂದು ನಿಂತಿದ್ದರು. ಸ್ಟ್ರೆಚರಿಗೆ ಎತ್ತುವಾಗ ಮಾವ ಕಣ್ಣು ಬಿಟ್ಟು ಮಗಳ ಕೈಯನ್ನು ಹಿಡಿದುಕೊಂಡರು. ಅವಳು ಬಿಡಿಸಿಕೊಳ್ಳಲಿಲ್ಲ. ಆ ಸಂಜೆಯೇ ಅವರು ತೀರಿಕೊಂಡರು.

ಟೀಚರ್ ಈಗಲೂ ನನ್ನ ಕಾರಿನಲ್ಲೇ ಮಂಗಳೂರಿಗೆ ಹೋಗಿಬರುತ್ತಾರೆ. ಮಾತು ಕಡಿಮೆ, ಉಸಿರು ಸಾಲದು. ಪುತ್ತೂರು ದಾಟಿದ ಮೇಲೆ ಸ್ವಲ್ಪ ತಂಪು ಹೆಚ್ಚಿಸಮ್ಮಾ ಎನ್ನುತ್ತಾರೆ. ನಾನು ಹೆಚ್ಚಿಸುತ್ತೇನೆ.