ಕಾಪಿ ಹೊಡೆದ ನಿದ್ದೆಗೇಡು

ಪರೀಕ್ಷೆ ಬರೆಯುವ ಮಕ್ಕಳಿಗಿಂತ ಮೇಲ್ವಿಚಾರಣೆಗೆ ನಿಂತ ನನಗೇ ಹೆಚ್ಚು ಬೆವರುತ್ತದೆ. ಇಂಥ ಪುಕ್ಕಲು ಟೀಚರಮ್ಮನಿಗೆ ನಮ್ಮ ಹೆಡ್‌ಮಾಸ್ಟರು ಆರೋಗ್ಯ ಸಮೀಕ್ಷೆಯನ್ನು ಒಪ್ಪಿಸಿದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹೈಸ್ಕೂಲುಗಳಲ್ಲಿ ನಡೆಯುತ್ತಿದ್ದ ಸಮೀಕ್ಷೆ. ಎಲೆಅಡಿಕೆಗೆ ತಂಬಾಕು ಹಾಕುತ್ತೀಯಾ, ಬೈಕ್ ಓಡಿಸುತ್ತೀಯಾ, ರಾತ್ರಿ ನಿದ್ದೆ ಬರುತ್ತದಾ, ಬೇಸರವಾದರೆ ಹೇಳಿಕೊಳ್ಳಲು ಯಾರಾದರೂ ಇದ್ದಾರಾ? ಹೆಸರು ಬರೆಯುವಂತಿಲ್ಲ, ಗುರುತು ಹಾಕಿದರೆ ಸಾಕು. ಯಾರು ಏನು ಬರೆದಿರೆಂದು ಕೇಳುವುದಿಲ್ಲ ಎಂದು ನನ್ನ ತರಗತಿಯ ಮಕ್ಕಳಿಗೆ ಮಾತು ಕೊಟ್ಟೆ.

ಪರೀಕ್ಷೆಯಲ್ಲವಲ್ಲ ಎಂದು ಒತ್ತೊತ್ತಾಗಿ ಕೂರಿಸಿದ್ದೇ ತಪ್ಪಾಯಿತು. ಗುರುತು ಹಾಕುವ ಹಾಳೆ ಕೈಗೆ ಬಂದರೆ ನಮ್ಮ ಮಕ್ಕಳ ಕಣ್ಣು ತಾನಾಗಿಯೇ ಪಕ್ಕಕ್ಕೆ ಹೊರಳುತ್ತದೆ. ಸರಿಯುತ್ತರವೇ ಇಲ್ಲದ ಪ್ರಶ್ನೆಗಳಿಗೂ ಕಾಪಿ ಹೊಡೆದಿದ್ದರು. ಬೈಕ್ ಮುಟ್ಟಿದವರು ಇಡೀ ತರಗತಿಯಲ್ಲಿ ಒಬ್ಬರೂ ಇಲ್ಲ. ಬಸ್ ತಪ್ಪಿದಾಗ ದೂರದ ಕೆರೆಕಟ್ಟೆಯಿಂದ ಅಪ್ಪನ ಬೈಕ್ ತಾವೇ ಓಡಿಸಿಕೊಂಡು ಬರುವವರು ಹಾಗಾದರೆ ಯಾರೋ ಏನೋ!

ನಗುತ್ತಲೇ ಹಾಳೆ ತಿರುವುತ್ತಿದ್ದೆ. ಒಂದೇ ಅಚ್ಚಿನ ನಾಲ್ಕು ಹಾಳೆ ಸಿಕ್ಕವು. ನಾಲ್ಕರಲ್ಲೂ ನಿದ್ದೆ ಬರುವುದಿಲ್ಲ, ಹೇಳಿಕೊಳ್ಳಲು ಯಾರೂ ಇಲ್ಲ ಎಂಬಲ್ಲಿ ಗುರುತು. ಮೂವರು ನೋಡಿ ಬರೆದವರಿರಬಹುದು. ಮೊದಲು ಬರೆದ ಆ ಒಂದು ಮಗು ಯಾವುದು? ಕೇಳಿದರೆ ಕೊಟ್ಟ ಮಾತು ತಪ್ಪಿದಂತೆ, ಸುಮ್ಮನಿದ್ದರೆ ಮಗುವಿಗೆ ಏನಾದರೂ ಆದೀತೆಂಬ ಹೆದರಿಕೆ.

ಹೆಡ್‌ಮಾಸ್ಟರಿಗೆ ಹೇಳಿದೆ. "ಎಂತ ಮಾರಾಯ್ರೆ, ಹುಡುಗಾಟಕ್ಕೆ ಬರ್ದಿರ್ತಾವೆ. ಅದಕ್ಕೆ ನೀವು ನಿದ್ದೆ ಕೆಡಿಸ್ಕೊಂಡ್ರೆ ಹೇಗೆ?" ಎಂದರು. ಅಷ್ಟು ಹೊತ್ತಿಗೆ ಕೆಡಿಸಿಕೊಂಡಾಗಿತ್ತು.

ನಮ್ಮ ಕಡೆ ಯಾರು ಎದುರಾದರೂ ಊಟ ಆಯ್ತಾ ಎಂದು ವಿಚಾರಿಸುತ್ತೇವೆ, ಊಟದ ಹೊತ್ತಲ್ಲದಿದ್ದರೂ ಸರಿ. ನಿದ್ದೆಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಹೊಟ್ಟೆ ಊರಿನ ವಿಷಯ, ನಿದ್ದೆ ಅವರವರ ಮನೆಯ ವಿಷಯ ಎಂಬಂತೆ. ನಾನು ದಿನಾ ಬೆಳಿಗ್ಗೆ ಹಾಜರಿ ಕರೆಯುವಾಗ ಪ್ರತಿಯೊಬ್ಬರನ್ನೂ ನಿದ್ದೆ ಬಂತಾ ಎಂದು ಕೇಳತೊಡಗಿದೆ. ಎಲ್ಲರನ್ನೂ ಕೇಳಿದರೆ ಒಬ್ಬರನ್ನು ಹುಡುಕಿದಂತಾಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಮೊದಮೊದಲು ಕಿಸಕ್ಕನೆ ನಕ್ಕವರು ಆಮೇಲೆ "ಬಂತು ಮೇಡಂ" ಎಂದು ರಾಗ ಎಳೆಯಲು ಕಲಿತರು. ನಾನು ಮಂಕಾಗಿ ಕೂತವರ ಮುಖವನ್ನೇ ನೋಡುತ್ತಿದ್ದೆ, ಏನೂ ತಿಳಿಯುತ್ತಿರಲಿಲ್ಲ.

ಕಳೆದ ಶನಿವಾರ ತಡವಾಗಿ ಬಂದ ಗಡಿಬಿಡಿಯಲ್ಲಿ ಹಾಜರಿಯನ್ನಷ್ಟೇ ಕರೆದು ಪಾಠ ಶುರುಮಾಡಿದೆ. ಬೆಲ್ ಹೊಡೆದು ಎಲ್ಲರೂ ಆಟಕ್ಕೆ ಓಡಿದ ಮೇಲೆ ಒಬ್ಬಳು ಬಾಗಿಲ ಬಳಿ ನಿಂತಿದ್ದಳು. ಇಡೀ ತರಗತಿಯನ್ನು ನಗಿಸುವ ಹುಡುಗಿ. ಕಂಡಕಂಡದ್ದಕ್ಕೆಲ್ಲ ಆತಂಕಪಡುವ ನನಗೆ ಅವಳ ಬಗ್ಗೆ ಮಾತ್ರ ಒಂದು ದಿನವೂ ಆತಂಕವಾಗಿರಲಿಲ್ಲ.

"ಮೇಡಂ, ಇವತ್ತು ನೀವು ಕೇಳ್ಲೇ ಇಲ್ಲ," ಎಂದಳು.

ಕೇಳಿದೆ.

"ಇಲ್ಲ ಮೇಡಂ."

ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿ, ಅವಳ ಪಕ್ಕ ಕೂತೆ. ಮುಂದಿನ ಬೆಲ್ ಹೊಡೆಯಿತು. ಅವಳೂ ಏಳಲಿಲ್ಲ, ನಾನೂ ಏಳಲಿಲ್ಲ.