ರೇನರ್ಸ್ ಲೇನಿನ ಸೋಂಪು ಗಿಡ

ಹೋದ ವಾರ ಮೆಡಿಟರೇನಿಯನ್ ಕಡಲಿಗೆ ಚಾಚಿದ ಕಲ್ಲುಗುಡ್ಡವೊಂದನ್ನು ಏದುಸಿರು ಬಿಡುತ್ತ ಹತ್ತಿದ್ದೇ ಕಾಡು ಸೋಂಪನ್ನು ನೋಡಲು. ಇವತ್ತು ಲಂಡನ್ನಿನ ರೇನರ್ಸ್ ಲೇನಿನಲ್ಲಿ ಕುಂದಾಪುರದವರ ಹೋಟೆಲಿನಲ್ಲಿ ಉಂಡು, ಕೈತೊಳೆಯಲು ಹಿಂದೆ ಹೋದರೆ, ಕಸದ ಡಬ್ಬಿಗಳ ನಡುವೆ ಕಾಂಕ್ರೀಟು ಸೀಳಿಕೊಂಡು ಅದೇ ಗಿಡ ನನಗಿಂತ ಎತ್ತರ ನಿಂತಿದೆ! ಹಳದಿ ಹೂವಿನ ತುಂಬ ಜೇನ್ನೊಣ. ಎಲೆ ಹೊಸಕಿದೆ, ಆ ಗುಡ್ಡದ್ದೇ ಘಮ.

"ಯಾರು ಬಿತ್ತಿದ್ದು?" ಎಂದು ಹೋಟೆಲಿನ ಸುಧಾಕರಣ್ಣನನ್ನು ಕೇಳಿದೆ.

"ಯಾರೂ ಅಲ್ಲ ಮರಾಯ್ರೆ. ಉಂಡ್ ಹೋಪೋರ ಕೈಯಿಂದ ಬಿದ್ದ ಸೋಂಪು. ಗುಡ್ಸಿ ಹೊರಗೆ ಹಾಕ್ತಿದ್ದೆ, ಅಷ್ಟೇ. ಎರಡ್ ಸಲ ಕಿತ್ತೆ, ಮತ್ತೆ ಬಂತ್."

ಬಿಲ್ಲಿನ ಜೊತೆ ಸೋಂಪಿನ ಬಟ್ಟಲು ಬಂತು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಇನ್ನೊಂದನ್ನು ಮುಷ್ಟಿಯಲ್ಲೇ ಒಯ್ದು, ಟ್ಯೂಬ್ ಸ್ಟೇಷನ್ನಿನ ಗೋಡೆಯ ಬಿರುಕಿಗೆ ಉದುರಿಸಿ ರೈಲು ಹತ್ತಿದೆ.