ಬಾಳೆಕೋಣೆಯ ಗಾಳಿ

ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ನನ್ನ ಅಣ್ಣನಿಗೆ ಬಾಳೆಕಾಯಿ ಹಣ್ಣು ಮಾಡುವ ಕೋಣೆಯೊಂದಿದೆ. ಬಿಗಿಯಾಗಿ ಮುಚ್ಚುವ ಬಾಗಿಲು, ಒಳಗಿನ ಗಾಳಿಯನ್ನು ಹೊರಗೆಳೆಯಲು ಒಂದು ಫ್ಯಾನು. ಬಾಗಿಲು ತೆರೆದ ಮೇಲೆ ಒಂದು ಲೋಟ ಟೀ ಕುಡಿದು ಮುಗಿಸುವವರೆಗೆ ಯಾರೂ ಒಳಗೆ ಕಾಲಿಡಕೂಡದು ಎಂಬುದು ಅವನೇ ಮಾಡಿದ ಕಟ್ಟಳೆ.

ಆ ದಿನ ಬೆಳಗಿನಿಂದ ಕರೆಂಟಿರಲಿಲ್ಲ, ಫ್ಯಾನು ನಿಂತಿತ್ತು. ಗಿರಾಕಿಯ ವ್ಯಾನು ಹಾರನ್ ಬಾರಿಸುತ್ತಲೇ ಇತ್ತು. "ಒಂದೇ ನಿಮಿಷ, ಹಿಡ್ಕೊ," ಎಂದು ಟೀ ಲೋಟವನ್ನು ನನ್ನ ಕೈಗಿತ್ತು ಅಣ್ಣ ಬಾಗಿಲು ತೆರೆದು ಒಳಗೆ ಹೋದ. ಕ್ರೇಟುಗಳ ನಡುವೆ ಏನೋ ಹುಡುಕುವವನಂತೆ ಕುಳಿತ. ಕುಳಿತವನು ನಿಧಾನಕ್ಕೆ ಗೋಡೆಗೆ ಒರಗಿದ. ಕೂಗಿದೆ, ತಿರುಗಲಿಲ್ಲ. ಇಬ್ಬರು ಹಮಾಲರು ಉಸಿರು ಬಿಗಿಹಿಡಿದು ನುಗ್ಗಿ ಅವನನ್ನು ಎಳೆದು ತಂದರು. ಟೀ ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ರಕ್ತದಲ್ಲಿ ಆಮ್ಲ ಏರಿದೆ ಎಂದರು ಡಾಕ್ಟರಮ್ಮ. ಯಾಕೆಂದು ಕೇಳಿದೆ. ಆಕ್ಸಿಜನ್ ಇದ್ದರೆ ಜೀವಕೋಶ ಸಕ್ಕರೆಯನ್ನು ಪೂರ್ತಿ ಒಡೆದು ಬೇಕಾದಷ್ಟು ಶಕ್ತಿ ಪಡೆಯುತ್ತದಂತೆ. ಇಲ್ಲದಿದ್ದರೆ ಅರ್ಧಕ್ಕೇ ಒಡೆದು ಸಿಕ್ಕ ಚೂರಿನಲ್ಲಿ ದಿನ ದೂಡುತ್ತದೆ, ಉಳಿದದ್ದು ಆಮ್ಲವಾಗುತ್ತದೆ. ಮಿದುಳಿಗೆ ಆ ಚೂರು ಸಾಲದು. ಅವನು ಎದ್ದು ಮಾತಾಡುವವರೆಗೆ ಏನೂ ಹೇಳಲಾರೆ ಎಂದು ಅವರು ಹೊರಟುಹೋದರು.

ಸಂಜೆ ಕಣ್ಣು ಬಿಟ್ಟ. "ವ್ಯಾನ್ ಹೋಯ್ತಾ?"

"ಹೋಯ್ತು ಕಣ್ರೀ. ನೀವೂ ಹೊರಟಿದ್ರಿ," ಎಂದು ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು.

ಮರುದಿನ ಕೇಳದೆ ಇರಲಾಗಲಿಲ್ಲ. "ಒಳಗಿನ ಗಾಳಿ ಎಲ್ಲಿ ಹೋಯ್ತಣ್ಣ?"

"ಬಾಳೆಕಾಯಿ ಕುಡಿದ್ಬಿಡ್ತು."

"ಗಿಡದಿಂದ ಕೊಯ್ದ ಮೇಲೂ ಉಸಿರಾಡುತ್ತಾ?"

"ಹಣ್ಣಾಗೋವಾಗ್ಲೇ ಜಾಸ್ತಿ ಕಣೇ. ನಮ್ ಹಾಗೇ ಒಳ್ಳೇ ಗಾಳಿ ಎಳ್ಕೊಂಡು ಕೆಟ್ಟದ್ದು ಬಿಡುತ್ತೆ. ಪ್ಲಾಸ್ಟಿಕ್ಕಲ್ಲಿ ಬಿಗಿದಿಟ್ಟು ನೋಡು, ಗಾಳಿ ಸಿಗದೆ ಹೆಂಡದ ವಾಸನೆ ಹೊಡೆಯುತ್ತೆ."

"ಸದ್ಯ, ನಿಮ್ಮ ರಕ್ತ ಬರೀ ಹುಳಿಯಾಯ್ತು, ಹೆಂಡ ಆಗ್ಲಿಲ್ಲ," ಎಂದರು ಅತ್ತಿಗೆ.

ಆ ದಿನ ನಾನು ಬಾಗಿಲಲ್ಲಿ ನಿಂತು ನೋಡಿದ್ದು ಆ ಹಸಿರು ಗೊನೆಗಳನ್ನೇ. ಒಂದೂ ಅಲುಗಿರಲಿಲ್ಲ. ಅಷ್ಟು ಸುಮ್ಮನಿದ್ದ ಗೊನೆಗಳು ಅಷ್ಟೊಂದು ಉಸಿರಾಡುತ್ತಿದ್ದವು ಎಂಬುದು ಈಗಲೂ ನನಗೆ ಪೂರ್ತಿ ಒಳಗಿಳಿದಿಲ್ಲ.

ಅವನು ಮತ್ತೆ ಅಂಗಡಿಗೆ ಹೋದ ದಿನ ಜೊತೆಗೆ ನಾನೂ ಹೋದೆ. ಫ್ಯಾನು ತಿರುಗುತ್ತಿತ್ತು. ಬಾಗಿಲು ತೆರೆದು ಅಣ್ಣ ಹೊರಗೇ ನಿಂತ.

"ಅಣ್ಣೇ, ಸೀಕ್ಕಿರಂ!" ಎಂದು ವ್ಯಾನಿನವನು ಅವಸರ ಮಾಡಿದ.

"ಇರು ಪಾ, ಟೀ ಸುಡ್ತಾ ಇದೆ."

ಟೀ ಆಗಲೇ ಆರಿತ್ತು. ಅಣ್ಣ ಊದಿ ಊದಿ ಕುಡಿದ. ಲೋಟದ ತಳ ಕಾಣುವವರೆಗೂ ನಾನು ಅವನ ಅಂಗಿಯ ತೋಳು ಹಿಡಿದೇ ಇದ್ದೆ.